ಹಳದಿ ಲಂಗದ ವೇಷ

"ಗುರುಗಳೇ, ಒಂದು ಸುಳ್ಳಿನಿಂದ ಒಬ್ಬರ ಕಣ್ಣೀರು ನಿಲ್ಲುವುದಾದರೆ ಆ ಸುಳ್ಳನ್ನು ತಪ್ಪು ಎನ್ನಬಹುದೇ?"

ಹೀಗೆ ಕೇಳಿದವನು ನಿರಂಜನ. ಮಠದ ಶಿಷ್ಯರಲ್ಲಿ ಅವನೇ ಹಿರಿಯ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಒಮ್ಮೆ ಅವನ ಮುಂದೆ ಕುಳಿತು ಅತ್ತಿದ್ದಳು. ಆ ಅಳುವನ್ನು ನೋಡಲಾರದೆ ಅವನು, "ಧ್ಯಾನದಲ್ಲಿ ನಿಮ್ಮ ಯಜಮಾನರು ಕಂಡರು, ಸುಖವಾಗಿದ್ದಾರೆ, ನಿಮ್ಮನ್ನು ವಿಚಾರಿಸಿದರು" ಎಂದುಬಿಟ್ಟಿದ್ದ. ಅವಳು ಕಣ್ಣೊರೆಸಿಕೊಂಡು ನಗುತ್ತ ಮನೆಗೆ ಹೋದಳು. ಮುಂದಿನ ವಾರ ತನ್ನ ತಂಗಿಯನ್ನು ಕರೆತಂದಳು. ತಂಗಿ ನೆರೆಮನೆಯವರಿಗೆ ಹೇಳಿದಳು. ಈಗ ದಿನ ಬೆಳಗಾದರೆ ಮಠದ ಜಗಲಿಯ ತುಂಬ ಸತ್ತವರ ಸುದ್ದಿ ಕೇಳಲು ಬಂದ ಜನ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಸುಲಿಯುತ್ತಲೇ ಹೇಳತೊಡಗಿದರು.

ಒಬ್ಬ ಯಕ್ಷಿಣಿಗಾರನಿದ್ದ. ಊರೂರು ತಿರುಗಿ ಆಟ ತೋರಿಸುವುದು ಅವನ ಮನೆತನದ ಕಸುಬು. ಆಟ ಅವನೊಬ್ಬನದಲ್ಲ, ಇಡೀ ಮನೆಯದು. ಅವನು ಮಾತಿನಿಂದ ಜನರನ್ನು ಮರುಳುಮಾಡುತ್ತಿದ್ದ. ಪುಟ್ಟ ಮಗಳು ಡೋಲು ಬಾರಿಸುತ್ತಿದ್ದಳು. ತಾಯಿ ಉಡುಪು ಹೊಲಿಯುತ್ತಿದ್ದಳು. ಹೆಂಡತಿ ಸುಗಂಧಿ ವೇಷ ಬದಲಿಸುತ್ತಿದ್ದಳು.

ಜನ ಸೇರುತ್ತಿದ್ದುದು ಸುಗಂಧಿಗಾಗಿ. ಖಾಲಿ ಬುಟ್ಟಿಯಿಂದ ಅವನು ಪಾರಿವಾಳ ಹಾರಿಸಿದರೆ ತಲೆದೂಗುವವರು, ಸುಗಂಧಿ ಬಂದು ನಿಂತರೆ ಉಸಿರು ಬಿಗಿಹಿಡಿಯುತ್ತಿದ್ದರು. ಮೊದಲು ಅವಳು ಮುದುಕಿಯಾಗಿ ಕೋಲೂರಿಕೊಂಡು ಬರುತ್ತಿದ್ದಳು. ಗಂಡ ಅವಳ ಸುತ್ತ ಪರದೆ ಎತ್ತುತ್ತಿದ್ದ. ಡೋಲು ಒಂದು ಸುತ್ತು ಉರುಳುವುದರೊಳಗೆ ಇಳಿಸುತ್ತಿದ್ದ. ಮುದುಕಿ ಇದ್ದಲ್ಲಿ ರಾಣಿ ನಿಂತಿರುತ್ತಿದ್ದಳು. ಮತ್ತೆ ಪರದೆ ಎದ್ದು ಇಳಿದರೆ ಮದುಮಗಳು. ಕಡೆಯಲ್ಲಿ ಹಳದಿ ಲಂಗ, ಹಸಿರು ದಾವಣಿಯ ಹುಡುಗಿ.

ಇಷ್ಟು ಬೇಗ ಇವಳು ಉಡುವುದಾದರೂ ಹೇಗೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವಳು ಉಡುತ್ತಲೇ ಇರಲಿಲ್ಲ. ಆಟಕ್ಕೆ ಮೊದಲೇ ಎಲ್ಲ ಉಡುಪನ್ನೂ ಒಂದರ ಮೇಲೊಂದು ತೊಟ್ಟಿರುತ್ತಿದ್ದಳು. ಲಂಗ, ರವಿಕೆ, ದಾವಣಿ ಎಲ್ಲವನ್ನೂ ಸೇರಿಸಿ ಅತ್ತೆ ಒಂದೇ ಉಡುಪಾಗಿ ಹೊಲಿದಿರುತ್ತಿದ್ದಳು. ಒಂದೊಂದು ಉಡುಪಿನ ಬೆನ್ನಿಗೂ ಒಂದು ದಾರ. ದಾರ ಎಳೆದರೆ ಹೊಲಿಗೆ ಪೂರ್ತಿ ಬಿಚ್ಚಿಕೊಂಡು ಮೇಲಿನದು ಜಾರುತ್ತಿತ್ತು. ಜಾರಿದ್ದನ್ನು ಗಂಡ ಪರದೆಯ ಮಡಿಕೆಯಲ್ಲಿ ಸುತ್ತಿಕೊಳ್ಳುತ್ತಿದ್ದ. ಆ ದಾರದ ಗುಟ್ಟನ್ನು ಮನೆಯ ಹೊರಗೆ ಯಾರಿಗೂ ತಿಳಿಸಬಾರದು ಎಂಬುದು ಆ ಮನೆತನದ ಕಟ್ಟಳೆ.

ಹೀಗೆ ತಿರುಗುತ್ತ ಅವರು ಒಂದು ಪೇಟೆಗೆ ಬಂದರು. ಅಲ್ಲಿ ಒಬ್ಬ ವರ್ತಕನಿದ್ದ. ಅವನ ಒಬ್ಬಳೇ ಮಗಳು ವನಜ ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಿದ್ದಳು. ಅಂದಿನಿಂದ ವರ್ತಕನ ಹೆಂಡತಿ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅತ್ತಿರಲೂ ಇಲ್ಲ. ಬಲವಂತ ಮಾಡಿದರೆ ಎರಡು ತುತ್ತು ತಿನ್ನುವಳು, ಇಲ್ಲವಾದರೆ ಗೋಡೆ ನೋಡುತ್ತ ಕೂರುವಳು. ಡೋಲಿನ ಸದ್ದು ಕೇಳಿಯಾದರೂ ಹೊರಗೆ ಬಂದಾಳೆಂದು ವರ್ತಕ ತನ್ನ ಅಂಗಳದಲ್ಲೇ ಆಟ ಇಡಿಸಿದ.

ಅವಳು ಬಂದಳು. ಕಂಬಕ್ಕೆ ಒರಗಿ ಕುಳಿತಳು. ಮುದುಕಿಯನ್ನು ನೋಡಿದಳು, ರಾಣಿಯನ್ನು ನೋಡಿದಳು, ಮದುಮಗಳನ್ನು ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕಡೆಯ ಬಾರಿ ಪರದೆ ಇಳಿದು ವನಜ ಉಡುತ್ತಿದ್ದಂಥದೇ ಹಳದಿ ಲಂಗ ಕಂಡಾಗ ಥಟ್ಟನೆ ಎದ್ದಳು. ಕುಳಿತವರ ನಡುವೆ ದಾರಿ ಮಾಡಿಕೊಂಡು ಬಂದು ಸುಗಂಧಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಬಂದೆಯಾ ಪುಟ್ಟಿ? ಎಷ್ಟು ಬಡವಾಗಿದ್ದೀಯಲ್ಲ!"

ಡೋಲು ನಿಂತಿತು. ಸುಗಂಧಿ ಗಂಡನ ಕಡೆ ನೋಡಿದಳು. ಮಾತಿನ ಮಲ್ಲನಾದ ಅವನು ಪರದೆ ಹಿಡಿದುಕೊಂಡೇ ನಿಂತಿದ್ದ. ಕೆನ್ನೆ ಹಿಡಿದಿದ್ದ ಆ ಕೈಗಳು ಬಿಡಲೊಲ್ಲವು. ಸುಗಂಧಿಯೂ ಮಗಳನ್ನು ಹೆತ್ತವಳು. ಬೇರೆ ಮಾತು ಅವಳ ಬಾಯಿಗೆ ಬರಲಿಲ್ಲ.

"ಹ್ಞೂಂ ಅಮ್ಮ, ಬಂದೆ" ಎಂದಳು.

ಅಂದು ವರ್ತಕನ ಹೆಂಡತಿ ತಾನಾಗಿ ಅಡುಗೆಮನೆಗೆ ಹೋಗಿ ಎಲೆ ಹಾಕಿದಳು. ತಾನೂ ಉಂಡಳು.

ಮರುದಿನ ಬೆಳಿಗ್ಗೆ ವರ್ತಕ ಅವರು ಇಳಿದುಕೊಂಡಿದ್ದ ಛತ್ರಕ್ಕೆ ಬಂದು ಸುಗಂಧಿಗೆ ಕೈಮುಗಿದ. "ತಾಯಿ, ದಿನವೂ ಸ್ವಲ್ಪ ಹೊತ್ತು ಅದೇ ಉಡುಪಿನಲ್ಲಿ ಬಂದು ಅವಳ ಹತ್ತಿರ ಕೂತುಹೋಗಿ. ನಮ್ಮ ಹಿತ್ತಲ ಮನೆ ಖಾಲಿ ಬಿದ್ದಿದೆ. ನೀವೆಲ್ಲ ಅಲ್ಲೇ ಇರಬಹುದು. ನಿಮ್ಮ ಊಟ ಬಟ್ಟೆಯ ಚಿಂತೆ ನನಗಿರಲಿ" ಎಂದ.

ಯಕ್ಷಿಣಿಗಾರನಿಗೆ ಆಕಾಶ ಮೂರೇ ಗೇಣು. ಗಾಡಿಯಲ್ಲಿ ಕುಲುಕಾಡಿ ಅವನ ತಾಯಿಯ ಮೊಣಕಾಲು ಹೋಗಿತ್ತು. ಮಗಳು ಶಾಲೆಯ ಬಾಗಿಲು ಕಂಡಿರಲಿಲ್ಲ. ಸುಗಂಧಿಯೂ ಅಳುಕಿಲ್ಲದೆ ಒಪ್ಪಿದಳು. ವೇಷವೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಇಷ್ಟು ದಿನ ಜನರ ಚಪ್ಪಾಳೆಗಾಗಿ ತೊಟ್ಟಿದ್ದನ್ನು ಈಗ ಒಬ್ಬ ತಾಯಿಗಾಗಿ ತೊಡುವುದು, ಅಷ್ಟೇ ತಾನೇ ಎಂದುಕೊಂಡಳು.

ದಿನಗಳು ಚೆನ್ನಾಗಿಯೇ ನಡೆದವು. ವರ್ತಕನ ಹೆಂಡತಿ ಮಿಂದು ತಲೆ ಬಾಚಿಕೊಳ್ಳತೊಡಗಿದಳು. ಹಪ್ಪಳ ಒತ್ತಿದಳು. ನೆರೆಯವರನ್ನು ಮಾತಾಡಿಸಿದಳು. ಸುಗಂಧಿ ಬಂದರೆ ಮುಂದೆ ಕೂರಿಸಿಕೊಂಡು ಜಡೆ ಹೆಣೆಯುವಳು, ಬಡಿಸಿ ಉಣ್ಣಿಸುವಳು. ಆ ಮನೆಗೆ ಜೀವ ಬಂದಿತು. ಆಳುಕಾಳುಗಳು ಸುಗಂಧಿಯನ್ನು ದೇವರಂತೆ ಕಂಡರು. ಅವಳಿಗೂ ಒಳಗೊಳಗೇ ಹೆಮ್ಮೆ. ಯಾವ ಯಕ್ಷಿಣಿಗಾರನೂ ಮಾಡದ ಯಕ್ಷಿಣಿಯನ್ನು ತಾನು ಮಾಡಿದ್ದೇನೆ ಎಂದು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದರು. ವರ್ತಕ ಒಂದು ಕಡೆ, ಸುಗಂಧಿ ಒಂದು ಕಡೆ. ಸುಗಂಧಿ ಮೊದಲಿನಿಂದಲೂ ಚಿಕ್ಕ ಚಿಕ್ಕ ತುತ್ತು ಮಾಡಿ ಉಣ್ಣುವವಳು. ಬಡಿಸುತ್ತಿದ್ದ ವರ್ತಕನ ಹೆಂಡತಿ ಅದನ್ನು ನೋಡಿ ನಕ್ಕಳು.

"ನೋಡಿದಿರಾ? ಚಿಕ್ಕಂದಿನಿಂದಲೂ ಇವಳ ಊಟ ಹೀಗೆಯೇ. ಗುಬ್ಬಚ್ಚಿ ಕುಕ್ಕಿದ ಹಾಗೆ."

ವರ್ತಕನ ಕೈ ಎಲೆಯ ಮೇಲೆಯೇ ನಿಂತಿತು. ಅವನು ಎದ್ದು ಹಿತ್ತಲಿಗೆ ಹೋದ.

ಕೈತೊಳೆಯಲು ಹೋದ ಸುಗಂಧಿ ಅವನು ಬಾವಿಕಟ್ಟೆ ಹಿಡಿದುಕೊಂಡು ಅಳುತ್ತಿರುವುದನ್ನು ಕಂಡಳು. "ಏನಾಯಿತು ಧಣಿ?" ಎಂದು ಕೇಳಿದಳು.

"ನಮ್ಮ ವನಜ ಹಾಗೆ ಉಣ್ಣುತ್ತಿರಲಿಲ್ಲ ತಾಯಿ. ಗಬಗಬನೆ ತಿನ್ನುತ್ತಿದ್ದಳು. ಅರ್ಧ ಅನ್ನ ಎಲೆಯ ಆಚೆ. ಅದಕ್ಕೆ ಇವಳೇ ದಿನವೂ ಬೈಯುತ್ತಿದ್ದಳು. ಮಗಳದು ಗೊಗ್ಗರು ದನಿ. ಈಗ ಕೇಳಿದರೆ ಎಷ್ಟು ಇಂಪಾದ ದನಿ ಎನ್ನುತ್ತಾಳೆ. ಇವಳದಿರಲಿ. ನಿನ್ನೆ ನಾನೇ ಕಣ್ಣು ಮುಚ್ಚಿ ಮಗಳನ್ನು ನೆನೆಸಿಕೊಂಡೆ. ಎದುರಿಗೆ ಬಂದದ್ದು ನಿಮ್ಮ ಮುಖ."

ಸುಗಂಧಿ ಇಷ್ಟು ದಿನ ತಾನು ಆ ಮನೆಗೆ ಏನನ್ನೋ ಕೊಡುತ್ತಿದ್ದೇನೆ ಎಂದುಕೊಂಡಿದ್ದಳು. ಕೊಟ್ಟದ್ದಕ್ಕಿಂತ ಹೆಚ್ಚು ತೆಗೆಯುತ್ತಿದ್ದಳು. ಆ ಸತ್ತ ಹುಡುಗಿಗೆ ಈ ಲೋಕದಲ್ಲಿ ಉಳಿದಿದ್ದ ಜಾಗ ಇವರಿಬ್ಬರ ನೆನಪು ಮಾತ್ರ. ಅಲ್ಲಿ ತಾನು ಹೋಗಿ ಕುಳಿತಿದ್ದೇನೆ. ಹುಡುಗಿ ಎಲ್ಲಿಗೆ ಹೋಗಬೇಕು?

ಅವಳು ಹಿತ್ತಲ ಮನೆಗೆ ಬಂದು ಗಂಡನಿಗೆ ಹೇಳಿದಳು. "ಇನ್ನು ಈ ವೇಷ ಬೇಡ. ಅಮ್ಮನವರಿಗೆ ನಿಜ ತೋರಿಸಿಬಿಡುತ್ತೇನೆ."

ಗಂಡ ಗಾಬರಿಯಾದ. "ತಲೆ ಕೆಟ್ಟಿದೆಯಾ ನಿನಗೆ? ಅವರು ಮತ್ತೆ ಕೋಣೆ ಸೇರಿಬಿಟ್ಟರೆ? ಅನ್ನ ನೀರು ಬಿಟ್ಟರೆ? ಆ ಪಾಪ ಯಾರಿಗೆ? ಬೇಡವೆಂದರೆ ಗಂಟುಮೂಟೆ ಕಟ್ಟು, ಯಾರಿಗೂ ಹೇಳದೆ ಹೊರಟುಹೋಗೋಣ."

"ಹೇಳದೆ ಹೋದರೆ ಅವರ ಮಗಳು ಇನ್ನೊಂದು ಸಲ ಸತ್ತ ಹಾಗೆ. ಮೊದಲ ಸಲ ಜ್ವರ ಕೊಂದಿತು. ಈ ಸಲ ಕೊಲ್ಲುವವಳು ನಾನಾಗುತ್ತೇನೆ."

"ನಿಜ ತೋರಿಸಿದರೆ ದಾರದ ಗುಟ್ಟೂ ಹೋಯಿತು. ಆಮೇಲೆ ನಮ್ಮ ಆಟ ನೋಡುವವರು ಯಾರು?"

ಮೂಲೆಯಲ್ಲಿ ಕುಳಿತು ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಿದಳು. "ಆ ಹೊಲಿಗೆ ಹಾಕಿದವಳು ನಾನು. ಬಿಚ್ಚಲಿ ಬಿಡು. ಕೈ ಇರುವ ತನಕ ಇನ್ನೊಂದು ಹೊಲಿದೇನು" ಎಂದಳು. ಮಗ ಮತ್ತೆ ಎದುರಾಡಲಿಲ್ಲ.

ಮರುದಿನ ಸುಗಂಧಿ ತನ್ನ ಹಳೆಯ ನೂಲಿನ ಸೀರೆಯನ್ನು ಬಿಗಿಯಾಗಿ ಉಟ್ಟು, ಅದರ ಮೇಲೆ ಹಳದಿ ಲಂಗದ ಉಡುಪು ತೊಟ್ಟು ದೊಡ್ಡ ಮನೆಗೆ ಹೋದಳು.

ವರ್ತಕನ ಹೆಂಡತಿ ಎಂದಿನಂತೆ ಬಾಚಣಿಗೆ ತಂದು, "ಬಾ ಪುಟ್ಟಿ, ಕೂರು" ಎಂದಳು. ಸುಗಂಧಿ ಕೂರಲಿಲ್ಲ. ಅವಳಿಗೆ ಬೆನ್ನು ಮಾಡಿ ನಿಂತಳು.

"ಅಮ್ಮ, ಬೆನ್ನಿನ ಹತ್ತಿರ ಒಂದು ದಾರವಿದೆ. ಎಳೆಯಿರಿ."

ಯಾವುದೋ ಎಳೆ ಬಿಚ್ಚಿದೆ ಎಂದುಕೊಂಡು ಅವಳು ಎಳೆದಳು. ದಾರ ನಿಲ್ಲದೆ ಬಂದಿತು. ಹೊಲಿಗೆ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡಿತು. ಹಳದಿ ಲಂಗ, ಹಸಿರು ದಾವಣಿ ಒಟ್ಟಿಗೆ ಜಾರಿ ನೆಲಕ್ಕೆ ಬಿದ್ದವು. ಸುಗಂಧಿ ತಿರುಗಿ ನಿಂತಳು. ಮಾಸಿದ ಸೀರೆ, ಕೊರಳಲ್ಲಿ ತಾಳಿ, ಒಂದು ಮಗುವನ್ನು ಹೆತ್ತ ಮೈ.

"ನಾನು ಸುಗಂಧಿ, ಅಮ್ಮ. ಯಕ್ಷಿಣಿಗಾರನ ಹೆಂಡತಿ. ಆವತ್ತು ನೀವು ಕರೆದಾಗ ಹ್ಞೂಂ ಎಂದದ್ದು ನಾನು. ನಿಮ್ಮ ವನಜ ಅಲ್ಲ."

ವರ್ತಕನ ಹೆಂಡತಿ ಅವಳ ಕೆನ್ನೆಗೆ ಹೊಡೆದಳು. ಸುಗಂಧಿ ಅಲುಗಲಿಲ್ಲ. ಮತ್ತೆ ಹೊಡೆದಳು. ಆಮೇಲೆ ನೆಲದ ಮೇಲಿದ್ದ ಬಟ್ಟೆಯನ್ನು ಬಾಚಿ ತಬ್ಬಿಕೊಂಡು ಅಲ್ಲೇ ಕುಸಿದಳು. ಮಗಳ ಹೆಣ ಎತ್ತಿದ ದಿನ ಬಾರದಿದ್ದ ಅಳು ಈಗ ಬಂದಿತು. ವರ್ತಕ ಅಂಗಡಿಯಿಂದ ಓಡಿಬಂದ. ಆಳುಗಳು ಬಾಗಿಲಲ್ಲಿ ನೆರೆದರು. ಬಿಚ್ಚಿದ ಹೊಲಿಗೆಯನ್ನೂ ಉದ್ದದ ದಾರವನ್ನೂ ಎಲ್ಲರೂ ನೋಡಿದರು.

ಸುಗಂಧಿ ಅಲ್ಲಿಂದ ಹೋಗಲಿಲ್ಲ. ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅಳು ತಗ್ಗಿದ ಮೇಲೆ ಆ ತಾಯಿ ತಲೆ ಎತ್ತದೆ ಹೇಳಿದಳು. "ನನಗೆ ಗೊತ್ತಿರಲಿಲ್ಲ ಎಂದುಕೊಂಡೆಯಾ? ಮೊದಲ ದಿನವೇ ಗೊತ್ತಾಗಿತ್ತು. ನನ್ನ ಮಗಳ ಕೆನ್ನೆ ನನ್ನ ಕೈಗೆ ತಿಳಿಯದೇ? ಆದರೆ ನೀನು 'ಬಂದೆ' ಎಂದೆ. ಇವರು ಸುಮ್ಮನಿದ್ದರು. ಮನೆಮಂದಿಯೆಲ್ಲ ನಕ್ಕರು. ನೀವೆಲ್ಲ ಹಿಡಿದುಕೊಂಡು ನಿಂತಿದ್ದ ಸುಳ್ಳನ್ನು ನಾನೊಬ್ಬಳೇ ಹೇಗೆ ಬಿಡಲಿ?"

ಸುಗಂಧಿ ಇನ್ನಷ್ಟು ಹತ್ತಿರ ಸರಿದು ಕೇಳಿದಳು. "ವನಜ ಹೇಗೆ ಊಟ ಮಾಡುತ್ತಿದ್ದಳು, ಅಮ್ಮ?"

ತಾಯಿ ಬಟ್ಟೆಯಿಂದ ಮುಖ ಒರೆಸಿಕೊಂಡಳು. "ಹಂದಿಮರಿಯ ಹಾಗೆ" ಎಂದಳು. ಹೇಳುತ್ತಲೇ ನಗು ಬಂದಿತು. ನಗುತ್ತಲೇ ಮತ್ತೆ ಅತ್ತಳು. "ಅವಳು ಉಂಡೆದ್ದ ಜಾಗ ಬಳಿಯುವುದಕ್ಕೇ ನನಗೆ ಅರ್ಧ ಹೊತ್ತು ಬೇಕಾಗುತ್ತಿತ್ತು."

"ಹಾಡು?" ಎಂದ ವರ್ತಕ ಅವಳ ಇನ್ನೊಂದು ಪಕ್ಕದಲ್ಲಿ ಕುಳಿತು.

"ಅಯ್ಯೋ, ಅದೊಂದು ಹಾಡೇ! ಸಂಗೀತ ಪಾಠ ಹೇಳಲು ಬಂದ ಮೇಷ್ಟ್ರು ನಾಲ್ಕೇ ದಿನಕ್ಕೆ ಕೈಮುಗಿದು ಹೋದರಲ್ಲ!"

ಅಂದು ಹೊತ್ತು ಇಳಿಯುವವರೆಗೆ ಗಂಡಹೆಂಡತಿ ಮಗಳ ಮಾತನ್ನೇ ಆಡಿದರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿದರು. ಒಂದೆರಡು ಕಡೆ ಜಗಳವನ್ನೂ ಆಡಿದರು. ಸುಗಂಧಿ ಕೇಳುತ್ತ ಕುಳಿತಿದ್ದಳು. ತಾನು ಇಷ್ಟು ದಿನ ವೇಷ ಕಟ್ಟಿದ ಹುಡುಗಿಯನ್ನು ಅವಳು ಮೊದಲ ಬಾರಿಗೆ ಕಂಡಳು.

ಎಲ್ಲವೂ ಅಂದೇ ಸರಿಹೋಯಿತು ಎಂದುಕೊಳ್ಳಬೇಡ. ವರ್ತಕನ ಹೆಂಡತಿ ಕೆಲವು ದಿನ ಮತ್ತೆ ಕೋಣೆ ಸೇರಿದಳು. ಯಕ್ಷಿಣಿಗಾರ ಹೆಂಡತಿಯ ಮುಖ ನೋಡಲಿಲ್ಲ. ಆದರೆ ಒಂದು ಬೆಳಿಗ್ಗೆ ಆ ತಾಯಿ ತಾನಾಗಿ ಹೊರಬಂದು ಒಲೆ ಹಚ್ಚಿದಳು. ಸಾರಿಗೆ ಒಗ್ಗರಣೆ ಹಾಕುತ್ತ ಮಗಳ ನೆನಪಾಗಿ ಅಳುವಳು, ಅತ್ತು ಮುಗಿಸಿ ಉಪ್ಪು ನೋಡುವಳು. ಮೊದಲಿನ ಆ ಹೊಳಪಿನ ನಗು ಮತ್ತೆ ಬರಲಿಲ್ಲ. ಬಂದ ನಗು ಅವಳದಾಗಿತ್ತು.

ವರ್ತಕ ಯಕ್ಷಿಣಿಗಾರನ ಮನೆಯವರನ್ನು ಇರಿ ಎಂದು ಕೇಳಿಕೊಂಡ. ಸುಗಂಧಿ ಒಪ್ಪಲಿಲ್ಲ. "ನಾನು ಕಣ್ಣೆದುರಿಗೆ ಓಡಾಡುತ್ತಿದ್ದರೆ ಅಮ್ಮನವರಿಗೆ ಕಷ್ಟ, ಧಣಿ" ಎಂದಳು. ಅವರು ಗಾಡಿ ಕಟ್ಟಿದರು.

ಗುಟ್ಟು ಅವರಿಗಿಂತ ಮುಂದೆ ಹೋಗಿತ್ತು. ಮುಂದಿನ ಊರಿನಲ್ಲಿ ಗಂಡ ಪರದೆ ಎತ್ತುತ್ತಿದ್ದಂತೆ ಜನರ ನಡುವಿನಿಂದ ಯಾರೋ ಕೂಗಿದರು. "ದಾರ ಎಳಿ, ದಾರ ಎಳಿ!" ಎಲ್ಲರೂ ಗೊಳ್ಳೆಂದು ನಕ್ಕರು. ಗಂಡನ ಮುಖ ಕಪ್ಪಿಟ್ಟಿತು. ಅವನು ಪರದೆ ಬಿಸಾಡಿ ಹೆಂಡತಿಗೆ, "ಈಗ ಸಮಾಧಾನವಾಯಿತೇ?" ಎಂದ.

ಸುಗಂಧಿ ಆ ಪರದೆಯನ್ನು ಎತ್ತಿ ಮಡಿಸಿದಳು. "ಇನ್ನು ಇದು ಬೇಡ. ಕಣ್ಣೆದುರೇ ಬದಲಾಯಿಸುತ್ತೇನೆ" ಎಂದಳು.

ಅತ್ತೆ ಸೊಸೆ ಕೂಡಿ ಹಳೆಯ ಉಡುಪುಗಳನ್ನೆಲ್ಲ ಬಿಚ್ಚಿದರು. ಕತ್ತರಿಸಿದರು, ಹೊಲಿದರು, ಸರಿಬಾರದೆ ಮತ್ತೆ ಬಿಚ್ಚಿದರು. ಉಡುಪು ಕಳಚಿ ಬೀಳಬಾರದು, ಮಗುಚಿಕೊಳ್ಳಬೇಕು. ರಾಣಿಯ ಸೆರಗು ಕೆಳಕ್ಕೆ ಉರುಳಿದರೆ ಅದರ ಒಳಮೈ ಮದುಮಗಳ ಸೀರೆಯಾಗಬೇಕು. ಎಷ್ಟೋ ಸಲ ಅರ್ಧ ರಾಣಿ ಅರ್ಧ ಮದುಮಗಳಾಗಿ ಸುಗಂಧಿ ಸಿಕ್ಕಿಕೊಂಡಳು. ಮಗಳು ಬಿದ್ದು ಬಿದ್ದು ನಕ್ಕಳು. ಮುನಿಸಿಕೊಂಡಿದ್ದ ಗಂಡನಿಗೂ ನಗು ತಡೆಯಲಿಲ್ಲ. ಅವನೂ ಬಂದು ಕತ್ತರಿ ಹಿಡಿದ.

ಮಳೆಗಾಲ ಕಳೆದ ಮೇಲೆ ಅವರು ಮತ್ತೆ ಆಟಕ್ಕೆ ನಿಂತರು. ಪರದೆಯಿರಲಿಲ್ಲ. ಸುಗಂಧಿ ಬಯಲಿನ ನಡುವೆ ನಿಂತು, ನೋಡಲು ಬಂದ ಹೆಂಗಸರಲ್ಲಿ ಒಬ್ಬಳನ್ನು ಕರೆದು ದಾರದ ತುದಿಯನ್ನು ಕೈಗೆ ಕೊಟ್ಟಳು. "ನೀವೇ ಎಳೆಯಿರಿ ಅಕ್ಕ. ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡಿ" ಎಂದಳು. ಆ ಹೆಂಗಸು ಎಳೆದಳು. ಎಲ್ಲರೂ ನೋಡುತ್ತಿದ್ದಂತೆಯೇ ಮುದುಕಿ ಮಗುಚಿ ರಾಣಿಯಾದಳು, ರಾಣಿ ಮಗುಚಿ ಮದುಮಗಳಾದಳು. ದಾರವಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರ ಬಾಯಿಂದ ಒಮ್ಮೆಗೇ ಉದ್ಗಾರ ಹೊರಟಿತು. ದಾರ ಎಳೆದವಳಂತೂ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಳು. ಕಡೆಯಲ್ಲಿ ಸುಗಂಧಿ ತನ್ನ ದಿನದ ಸೀರೆಯಲ್ಲಿ ನಿಂತು, ಅತ್ತೆಯ ಕೈಯನ್ನೂ ಮಗಳ ಕೈಯನ್ನೂ ಹಿಡಿದು ಜನರಿಗೆ ನಮಸ್ಕಾರ ಮಾಡಿದಳು. ಯಕ್ಷಿಣಿಗಾರನ ಮನೆಯವರು ಆಮೇಲೆ ಬಹುಕಾಲ ಆ ಆಟವನ್ನೇ ಆಡಿದರು. ಜನ ಮೊದಲಿಗಿಂತ ಹೆಚ್ಚಾಗಿಯೇ ಬಂದರು.

ಗುರುಗಳು ಕತೆ ನಿಲ್ಲಿಸಿದರು. ನಿರಂಜನನ ಮುಖ ಇನ್ನೂ ತಿಳಿಯಾಗಿರಲಿಲ್ಲ.

"ಕತೆ ಸರಿ, ಗುರುಗಳೇ. ಆ ತಾಯಿ ಗಟ್ಟಿಗಿತ್ತಿ. ನನ್ನ ಬಳಿ ಬರುವವರು ಹಾಗಲ್ಲ. ನನಗೆ ಏನೂ ಕಾಣುವುದಿಲ್ಲ ಎಂದು ನಾನು ಹೇಳಿಬಿಟ್ಟರೆ ಅವರು ಖಂಡಿತ ತಡೆದುಕೊಳ್ಳಲಾರರು."

ಗುರುಗಳು ಅವನ ಕಡೆ ತಿರುಗಿ ಕೇಳಿದರು. "ನಾಳೆಯಿಂದ ಅವರು ಬರುವುದನ್ನೇ ಬಿಟ್ಟರೆ ತಡೆದುಕೊಳ್ಳಲಾರದವರು ಯಾರು, ನಿರಂಜನ?"

ನಿರಂಜನ ತಲೆ ತಗ್ಗಿಸಿದ.